ಗೋಮಾಳದ ಲೆಕ್ಕದಲ್ಲಿ ಹುಲ್ಲಿಲ್ಲ

ನೂರು ದನಕ್ಕೆ 30 ಎಕರೆ. ಕರ್ನಾಟಕದ ಭೂಕಂದಾಯ ನಿಯಮಗಳು ಗೋಮಾಳಕ್ಕೆ ಹಾಕಿಕೊಟ್ಟ ಲೆಕ್ಕ ಇದು. ಊರಲ್ಲಿ ದನ ಎಷ್ಟು, ಅವಕ್ಕೆ ಬಿಟ್ಟು ಹೆಚ್ಚುವರಿಯಾಗಿ ಉಳಿಯುವ ಎಕರೆ ಎಷ್ಟು ಎಂದು ಕಡತಗಳು ಕೇಳುತ್ತವೆ. ಆ ನೆಲದಲ್ಲಿ ಯಾವ ಹುಲ್ಲಿದೆ, ಅದು ಯಾವಾಗ ಚಿಗುರುತ್ತದೆ, ಬೀಜ ಕಟ್ಟುವಷ್ಟು ಬಿಡುವು ಅದಕ್ಕೆ ಸಿಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಕಾಣುವ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯಲ್ಲಿ ದನದ ಹೊಟ್ಟೆ ತುಂಬುವುದೂ ಬಿಡುವುದೂ ಈ ಕೇಳದ ಪ್ರಶ್ನೆಗಳ ಮೇಲೆಯೇ ನಿಂತಿದೆ.

ಹುಲ್ಲು ಬೆಳೆಯುವ ಮೊಗ್ಗು ಇರುವುದು ನೆಲಕ್ಕೆ ಅಂಟಿದ ಬುಡದಲ್ಲಿ. ಹಾಗಾಗಿ ದನ ಮೇಲಿನ ಗರಿ ಕಿತ್ತರೂ ಅದು ಸಾಯದೆ ಮತ್ತೆ ಚಿಗುರುತ್ತದೆ. ಆದರೆ ಹೊಸ ಚಿಗುರಿಗೆ ಬೇಕಾದ ಆಹಾರ ಬರುವುದು ಬೇರು ಬುಡಗಳಲ್ಲಿ ಕೂಡಿಟ್ಟ ಗಂಟಿನಿಂದ. ಮೊದಲ ಮಳೆಗೆ ಎದ್ದ ಎಳೆಯದನ್ನು ಮೇಯಿಸಿ, ಅದು ಚೇತರಿಸಿಕೊಳ್ಳುವ ಮುನ್ನವೇ ಮತ್ತೆ ಮತ್ತೆ ಮೇಯಿಸಿದರೆ ಗಂಟು ಕರಗುತ್ತದೆ, ಬೇರು ಮೋಟಾಗುತ್ತದೆ. ಮುಂದಿನ ಬರಕ್ಕೆ ಮೊದಲು ಬಲಿಯಾಗುವುದು ಆ ಬುಡವೇ. ಗೊರಸು ತುಳಿದು ಗಟ್ಟಿಯಾದ ಬರಿನೆಲದಲ್ಲಿ ಬಿದ್ದ ಮಳೆಯೂ ಇಂಗದೆ ಹರಿದುಹೋಗುತ್ತದೆ.

ಜೊತೆಗೆ ದನ ರುಚಿ ನೋಡಿಯೇ ಬಾಯಿ ಹಾಕುತ್ತದೆ. ಭಾರತದ ಹುಲ್ಲುಹೊದಿಕೆಯನ್ನು ಐದು ಬಗೆಯಾಗಿ ವಿಂಗಡಿಸಿ 1973ರಲ್ಲಿ ಪುಸ್ತಕ ಪ್ರಕಟಿಸಿದ ಡಬಡ್‌ಘಾವ್ ಮತ್ತು ಶಂಕರನಾರಾಯಣ್, ದಖ್ಖನ್ ಪ್ರಸ್ಥಭೂಮಿಯನ್ನು ಸೆಹಿಮಾ–ಡೈಕ್ಯಾಂಥಿಯಂ ಬಗೆಗೆ ಸೇರಿಸಿದರು. ಇವು ವರ್ಷಾನುಗಟ್ಟಲೆ ಬಾಳುವ, ದನ ಇಷ್ಟಪಟ್ಟು ತಿನ್ನುವ ಹುಲ್ಲುಗಳು. ಮೇಯುವ ಒತ್ತಡ ಹೆಚ್ಚಿದಲ್ಲಿ ಮೊದಲು ಹಿಂದೆ ಸರಿಯುವುದೂ ಇವೇ. ಅವುಗಳ ಜಾಗಕ್ಕೆ ಚುಚ್ಚುವ ಮುಳ್ಳುಬೀಜದ ಹೆಟೆರೊಪೋಗಾನ್, ಆಮೇಲೆ ಪೊರಕೆಗೆ ಒದಗುವ ಒರಟು ಹಂಚಿಕಡ್ಡಿ, ಮಳೆ ನಿಂತೊಡನೆ ಒಣಗುವ ಪುಡಿಹುಲ್ಲು ಬರುತ್ತವೆ. ಕೊನೆಗೆ ಪಾರ್ಥೇನಿಯಂ ಮತ್ತು ಬಳ್ಳಾರಿ ಜಾಲಿ. ಜಾಲಿಯ ಸಿಹಿ ಕಾಯಿ ತಿಂದ ದನ ಸಗಣಿಯ ಜೊತೆ ಅದರ ಬೀಜವನ್ನೂ ಊರೆಲ್ಲ ಹಂಚುತ್ತದೆ. ದೂರದಿಂದ ನೋಡಿದರೆ ಗೋಮಾಳ ಹಸಿರಾಗಿಯೇ ಇರುತ್ತದೆ. ಮೇವು ಮಾತ್ರ ಇರುವುದಿಲ್ಲ.

ಹಾಗಾದರೆ ದನವನ್ನೇ ಹೊರಗಟ್ಟಿದರೆ? ರಾಜಸ್ಥಾನದ ಭರತಪುರದಲ್ಲಿ 1982ರಲ್ಲಿ ಅದೂ ಆಗಿದೆ. ಕೇವಲಾದೇವ್ ಉದ್ಯಾನದಲ್ಲಿ ದನ, ಎಮ್ಮೆ ಮೇಯಿಸುವುದನ್ನು ನಿಷೇಧಿಸಿದ ಮೇಲೆ ಪ್ಯಾಸ್ಪಾಲಂ ಎಂಬ ಹುಲ್ಲು ಮಿತಿಮೀರಿ ಹಬ್ಬಿ, ನೀರಹಕ್ಕಿಗಳ ಜಾಗವನ್ನೇ ಮುಚ್ಚಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಧ್ಯಯನ ಇದನ್ನು ದಾಖಲಿಸಿದೆ. ಅದು ಜೌಗುಪ್ರದೇಶ, ಚಳ್ಳಕೆರೆಯ ಕೆಂಪುನೆಲಕ್ಕೆ ನೇರ ಹೋಲಿಕೆಯಲ್ಲ. ಆದರೂ ಬೇಲಿಯೊಂದೇ ಮದ್ದು ಎನ್ನುವವರು ಒಮ್ಮೆ ಯೋಚಿಸಬೇಕು.

ದೂರದ ಉದಾಹರಣೆ ಏಕೆ? ಮೈಸೂರು ಸೀಮೆಯಲ್ಲೇ ಬೇರೊಂದು ದಾರಿಯಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿದ್ದ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎನಿಸಿಕೊಂಡಿತು. ಅದರ ಕಾವಲುಗಳು, ಅಂದರೆ ಹಿಂಡಿಗೆಂದೇ ಕಾಯ್ದಿಟ್ಟ ಹುಲ್ಲುನೆಲಗಳು, ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಬೇರೆಬೇರೆಯಾಗಿದ್ದವು. ನೀರು, ನೆರಳು ಇರುವ ಕಡೆ ಬೇಸಿಗೆ ಕಾವಲು. ಹಿಂಡು ಋತು ನೋಡಿ ಜಾಗ ಬದಲಿಸುತ್ತಿತ್ತು, ಬಿಟ್ಟುಬಂದ ಕಾವಲಿನ ಹುಲ್ಲು ಉಸಿರಾಡಿಕೊಳ್ಳುತ್ತಿತ್ತು. ಸೈನ್ಯದ ಎತ್ತುಗಳಿಗಾಗಿ ಮಾಡಿದ ಏರ್ಪಾಟು ಹುಲ್ಲನ್ನೂ ಕಾಯಿತು.

ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ಮೀರಿದ್ದ ಆ ಕಾವಲುಗಳಲ್ಲಿ ಈಗ ಐದರಲ್ಲೊಂದು ಭಾಗವೂ ಉಳಿದಿಲ್ಲ. ಸಾಗುವಳಿ, ಒತ್ತುವರಿ, ನೆಡುತೋಪು ಒಂದೊಂದು ಪಾಲು ನುಂಗಿದವು. ಚಳ್ಳಕೆರೆ ತಾಲ್ಲೂಕಿನಲ್ಲಿ ಹತ್ತಿರ ಹತ್ತಿರ 10,000 ಎಕರೆ ಕಾವಲು ರಕ್ಷಣಾ, ಬಾಹ್ಯಾಕಾಶ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗಿ ಗೋಡೆ ಎದ್ದಿತು. ದನಗಳ ಹಿಂದೆ ತಿರುಗಾಡುತ್ತಿದ್ದವರು ಉಳಿದ ತುಂಡಿನಲ್ಲೇ ವರ್ಷವಿಡೀ ಮೇಯಿಸಬೇಕಾಯಿತು. ಬಳಿಕ ನೆಲ ಬೋಳಾಯಿತೆಂದು ದನಗಾಹಿಯತ್ತ ಬೆರಳು ತೋರಿಸುವುದು ನ್ಯಾಯವಲ್ಲ.

ತಿರುಗಾಟವೊಂದೇ ಎಲ್ಲವನ್ನೂ ಸರಿಮಾಡುತ್ತದೆ ಎಂದೂ ಅಲ್ಲ. ನೆಲ ತಾಳುವುದಕ್ಕಿಂತ ದನ ಹೆಚ್ಚಾದರೆ ಯಾವ ಪಾಳಿಯೂ ಉಳಿಸದು; ಮಳೆ ಕೈಕೊಟ್ಟ ವರ್ಷ ಆ ತಾಳಿಕೆಯೂ ಇಳಿಯುತ್ತದೆ. ಆದ್ದರಿಂದ ಸಂಖ್ಯೆಯನ್ನು ಮಳೆಯ ಜೊತೆಗೇ ಅಳೆಯಬೇಕು.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಗ್ರಾಮ ಪಂಚಾಯಿತಿ ಗೋಮಾಳವನ್ನು ಮೂರು ಪಾಲು ಮಾಡಿ, ಪ್ರತಿ ವರ್ಷ ಸರದಿಯಂತೆ ಒಂದು ಪಾಲನ್ನು ಮಳೆಗಾಲ ಹಿಡಿದಾಗಿನಿಂದ ಬೀಜ ಉದುರುವವರೆಗೆ ಮುಚ್ಚಬಹುದು. ಬಲಿತ ಹುಲ್ಲನ್ನು ಆಮೇಲೆ ಕೊಯ್ದು ಬೇಸಿಗೆಗೆ ಬಣವೆ ಹಾಕಬಹುದು. ಉದ್ಯೋಗ ಖಾತರಿಯ ಕೂಲಿಯಲ್ಲಿ ಜಾಲಿಯನ್ನು ಬೇರುಸಮೇತ ಕೀಳಿಸಬಹುದು. ಹಸಿರೀಕರಣದ ಹೆಸರಲ್ಲಿ ಕಾವಲಿಗೆ ನೀಲಗಿರಿ, ಅಕೇಶಿಯಾ ನೆಡುವುದು ನಿಲ್ಲಬೇಕು. ಹುಲ್ಲುನೆಲವನ್ನು ಬಂಜರು ಪಟ್ಟಿಗೆ ಸೇರಿಸುವ ರೂಢಿಯೂ ಹೋಗಬೇಕು, ಮಂಜೂರಾತಿಗೆ ಮೊದಲು ಬಲಿಬೀಳುವುದು ಆ ಪಟ್ಟಿಯ ನೆಲವೇ.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ. ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಒಂದು ಕೇಂದ್ರ ಧಾರವಾಡದಲ್ಲೇ ಇದೆ. ಚಳ್ಳಕೆರೆಯಲ್ಲಿ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳಿದ್ದಾರೆ. ಆ ಕೇಂದ್ರದ ವಿಜ್ಞಾನಿಗಳನ್ನೂ ಈ ಕಿಲಾರಿಗಳನ್ನೂ ಒಂದೇ ಸಭೆಗೆ ಕರೆದು ಯಾವ ಪಾಲು ಯಾವಾಗ ಮುಚ್ಚಬೇಕೆಂದು ತೀರ್ಮಾನಿಸುವ ಕೆಲಸವನ್ನು ಜಿಲ್ಲಾಡಳಿತ ಮುಂದಿನ ಮುಂಗಾರಿಗೆ ಮುನ್ನವೇ ಶುರು ಮಾಡಬೇಕು.