ತಿರುಳ್ಗನ್ನಡದ ನೆಲದಲ್ಲಿ ಅಭಂಗ

ಆಷಾಢ ಶುದ್ಧ ಏಕಾದಶಿ ಸಮೀಪಿಸಿತೆಂದರೆ ಗದಗ-ಬೆಟಗೇರಿಯ ವಾರಕರಿಗಳಿಗೆ ಪಂಢರಪುರದ ಧ್ಯಾನ ಹತ್ತುತ್ತದೆ. ಕೊರಳಲ್ಲಿ ತುಳಸೀಮಾಲೆ, ಕೈಯಲ್ಲಿ ತಾಳ, ಹೆಗಲ ಮೇಲೆ ಕಾವಿಯ ಪತಾಕೆ. ದಿನವೂ ಇವರಲ್ಲನೇಕರು ಆಡುವುದು ಅಚ್ಚ ಕನ್ನಡ. ಭಜನೆಗೆ ಕುಳಿತಾಗ ಹಾಡುವುದು ಮರಾಠಿ ಅಭಂಗ.

ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ತನ್ನ ಭಾರತವು ಆ ಊರಿನ ತಿರುಳ್ಗನ್ನಡದಲ್ಲಿದೆಯೆಂದು ಪಂಪನು ಹತ್ತನೆಯ ಶತಮಾನದಲ್ಲಿಯೇ ಹೆಮ್ಮೆಪಟ್ಟನು. ಗದುಗಿನ ವೀರನಾರಾಯಣನ ಸನ್ನಿಧಿಯಂತೂ ಕುಮಾರವ್ಯಾಸನದು. ಇಂಥ ನೆಲದಲ್ಲಿ ಅಭಂಗವು ಬೇರೂರಿದ ಬಗೆ ಹೇಗೆ?

1948ರವರೆಗೆ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಇದು ಮರಾಠಿ ಆಳ್ವಿಕೆಯ ಫಲವೆಂದು ಕೆಲವರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅದು ಅರ್ಧಸತ್ಯ. ದಫ್ತರದ ಭಾಷೆಯನ್ನು ಜನರು ಅರ್ಜಿ ಬರೆಯುವುದಕ್ಕಾಗಿ ಕಲಿತಾರು. ಕಣ್ಣುಮುಚ್ಚಿ ಹಾಡುವುದಕ್ಕಾಗಿ ಕಲಿಯುವರೇ?

ಅವರನ್ನು ಸೆಳೆದದ್ದು ಸಂತರ ಬದುಕು. ನಾಮದೇವನು ಸಿಂಪಿಗ, ಗೋರಾ ಕುಂಬಾರ, ಸಾವತಾ ತೋಟಗಾರ, ಜನಾಬಾಯಿ ನಾಮದೇವನ ಮನೆಯ ದಾಸಿ, ತುಕಾರಾಮನು ಕಿರಾಣಿ ವ್ಯಾಪಾರಿ. ಬಟ್ಟೆ ಹೊಲಿಯುವವನಿಗೆ ತನ್ನ ಕಸುಬಿನವನೇ ದೇವರ ಆಪ್ತನಾದದ್ದು ಸಣ್ಣ ಸಂಗತಿಯಲ್ಲ; ಈ ಭಾಗದ ಸಿಂಪಿಗರು ಇಂದಿಗೂ ತಮ್ಮನ್ನು ನಾಮದೇವ ಸಿಂಪಿಗಳೆಂದೇ ಕರೆದುಕೊಳ್ಳುತ್ತಾರೆ. ಚೋಖಾಮೇಳನ ಕಥೆ ಮಾತ್ರ ಕಹಿಯಾದುದು. ಅಸ್ಪೃಶ್ಯನೆಂದು ಅವನನ್ನು ಗುಡಿಯ ಹೊರಗೇ ನಿಲ್ಲಿಸಿದರು. ಅವನ ಸಮಾಧಿಯೂ ಮಹಾದ್ವಾರದ ಎದುರಿಗೇ ಇದೆ. ಅವನ ಅಭಂಗಗಳನ್ನು ಎಲ್ಲರೂ ತಲೆದೂಗಿ ಹಾಡಿದರು, ಅವನ ಜನಕ್ಕೆ ಬಾಗಿಲು ತೆರೆಯಲು ಮಾತ್ರ 1947ರಲ್ಲಿ ಸಾನೇ ಗುರೂಜಿಯವರು ಉಪವಾಸ ಕೂಡಬೇಕಾಯಿತು! ಭಕ್ತಿಯ ಹೊಗಳಿಕೆಯಲ್ಲಿ ಈ ಮಾತನ್ನು ನುಂಗಿಕೊಳ್ಳುವುದು ನ್ಯಾಯವಲ್ಲ.

ಇನ್ನು ವಿಠ್ಠಲನಾದರೂ ಕನ್ನಡಿಗರಿಗೆ ಹೊರಗಿನವನೇ? ಜ್ಞಾನದೇವನೇ ತನ್ನ ಅಭಂಗವೊಂದರಲ್ಲಿ ಅವನನ್ನು ಕನ್ನಡದವನು, ಕರ್ನಾಟಕದವನು ಎಂದು ಕರೆದಿದ್ದಾನೆ. ಹೊಯ್ಸಳ ಸೋಮೇಶ್ವರನು ಈ ದೇವರಿಗೆ ದತ್ತಿ ಬಿಟ್ಟುದನ್ನು ಸಾರುವ 1237ರ ಶಾಸನವು ಪಂಢರಪುರದ ಗುಡಿಯಲ್ಲಿಯೇ ಇದೆ. ನಮ್ಮ ದಾಸರಲ್ಲಿ ಎಷ್ಟೋ ಜನರ ಅಂಕಿತ ವಿಠ್ಠಲನೇ. ಪಂಢರಿಯ ಮೂರ್ತಿಯನ್ನು ಕೃಷ್ಣದೇವರಾಯನು ಹಂಪಿಗೆ ತಂದನೆಂದೂ ಏಕನಾಥನ ಮುತ್ತಜ್ಜ ಭಾನುದಾಸನು ಅದನ್ನು ಮರಳಿ ಒಯ್ದನೆಂದೂ ಐತಿಹ್ಯ. ಅದು ನಡೆದದ್ದೇ ಆಗಲಿ ಬಿಡಲಿ, ಎರಡು ನಾಡಿನವರೂ ದೇವರನ್ನು ತಮ್ಮವನೆಂದು ಜಗ್ಗಾಡಿದುದಂತೂ ನಿಜ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗದಗಿನಿಂದ ವಿಜಾಪುರದ ಮೇಲೆ ಹೊಟಗಿಗೆ ರೈಲು ಬಂದಮೇಲೆ ಯಾತ್ರೆಯ ದಿನಗಳು ಕುಗ್ಗಿದವು. ವಾರಿಯ ನಿಜವಾದ ಅರ್ಥ ನಡೆಯುವುದರಲ್ಲಿದೆ ಎನ್ನುವ ಹಟವಾದಿಗಳು ಅಳಿದಿಲ್ಲ.

ಅಳಿವಿನ ಭಯವಿರುವುದು ಬೇರೊಂದಕ್ಕೆ. ಕನ್ನಡ ನಾಡಿನ ಕೀರ್ತನಕಾರನು ಅಭಂಗವನ್ನು ಮರಾಠಿಯಲ್ಲಿ ಹಾಡಿ, ತಾಳ ನಿಲ್ಲಿಸಿ, ಅರ್ಥವನ್ನು ಕನ್ನಡದಲ್ಲಿ ಬಿಡಿಸುತ್ತಾನೆ. ಕೇಳುವವರ ಕಣ್ಣು ತುಂಬುವುದು ಆಗಲೇ. ಹಾಡು ಧ್ವನಿಮುದ್ರಿಕೆಯಲ್ಲಿ ಉಳಿದೀತು. ಎರಡೂ ಭಾಷೆಗಳಲ್ಲಿ ನುರಿತು ನಿರೂಪಣ ಮಾಡಬಲ್ಲ ಹಿರಿಯರ ಬಳಿ ಕುಳಿತು ಕಲಿಯುವ ಹುಡುಗರು ಬೇಕಾಗಿದ್ದಾರೆ.