ಹರಿಗೋಲಿನ ಅಳತೆ



ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ರಾಯಚೂರು ಸೀಮೆಯವರಿಗೆ ಚಿರಪರಿಚಿತವಾದ ನೌಕೆಯೆಂದರೆ ಹರಿಗೋಲು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಮಾಡುವ ಈ ದುಂಡು ದೋಣಿಯನ್ನು ದೇವದುರ್ಗದ ಕೃಷ್ಣಾತೀರದವರೂ ಮಾನ್ವಿಯ ತುಂಗಭದ್ರಾತೀರದವರೂ ಬಲ್ಲರು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು 1520ರ ಸುಮಾರಿನಲ್ಲಿ ವಿಜಯನಗರದ ಬಳಿ ಇದನ್ನು ಕಂಡು, ಒಂದೊಂದರಲ್ಲಿ 15–20 ಮಂದಿ ದಾಟುವರೆಂದು ಬರೆದಿರುವನು. ಎಷ್ಟು ಮಂದಿ ದಾಟಬಹುದೆಂಬುದನ್ನು ನಿರ್ಣಯಿಸುವುದು ದೋಣಿಯ ಅಳತೆಯೇ ಆದುದರಿಂದ, ಈ ತಿಂಗಳು ಅದನ್ನೇ ವಿಚಾರಿಸುವೆವು.

ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ವು ನೌಕೆಗಳನ್ನು ಅಳತೆಯಿಂದಲೇ ವಿಂಗಡಿಸುವುದು. ಅದರಲ್ಲಿ ‘ದೀರ್ಘಾ’ ವರ್ಗದ ನೌಕೆಗೆ ಉದ್ದದ ಎಂಟರಲ್ಲೊಂದು ಪಾಲು ಅಗಲ, ಹತ್ತರಲ್ಲೊಂದು ಪಾಲು ಎತ್ತರ. 80 ಮೊಳದ ‘ಗತ್ವರಾ’ ನೌಕೆಗೆ 10 ಮೊಳ ಅಗಲ, 8 ಮೊಳ ಎತ್ತರವೆಂದಾಯಿತು.

ಹಾಲೆಂಡಿನ ಡಚ್ಚರೂ ಉದ್ದದಿಂದಲೇ ಲೆಕ್ಕ ಹಿಡಿದವರು. 1652–54ರಲ್ಲಿ ಇಂಗ್ಲಿಷರೊಡನೆ ಯುದ್ಧವಾದಾಗ, ಬಾಡಿಗೆಯ ವರ್ತಕನೌಕೆಗಳು ಸಾಲದೆಂದು ಕಂಡು, 60 ಯುದ್ಧನೌಕೆಗಳನ್ನು ಕಟ್ಟಲು ನಿಶ್ಚಯಿಸಿದರು. ಅಲ್ಲಿ ನೌಕಾಮಂಡಲಿಗಳು ಐದು. ಊರೂರಿಗೂ ಅಡಿಕೋಲು ಬೇರೆ. ಆದಕಾರಣ ಉದ್ದ, ಅಗಲ, ಆಳಗಳನ್ನು ಮೊದಲೇ ಗೊತ್ತುಮಾಡಿ, 11 ಅಂಗುಲದ ಆಂಸ್ಟರ್‌ಡ್ಯಾಮ್ ಅಡಿಯಲ್ಲಿ ಲೆಕ್ಕವಿಟ್ಟರು. 1697ರಲ್ಲಿ ಅವರ ಈಸ್ಟ್ ಇಂಡಿಯಾ ಕಂಪನಿಯೂ ತನ್ನ ಹಡಗುಗಳಿಗೆ 160, 145, 130 ಅಡಿಗಳೆಂಬ ಮೂರೇ ದರ್ಜೆಗಳನ್ನು ವಿಧಿಸಿತು. ಹಡಗಿನ ದರ್ಜೆಯನ್ನು ಕೇಳಿದೊಡನೆಯೇ ಅದರ ಅಳತೆ ತಿಳಿಯುವಂತಾಯಿತು.

ನಮ್ಮ ಹರಿಗೋಲಿಗೂ ಅಳತೆಯುಂಟು. ಆದರೆ ಅದು ಹೆಣೆಯುವವನ ಕೈಯಲ್ಲಿರುವುದೇ ಹೊರತು ಹತ್ತುವವನ ಕಣ್ಣಿಗೆ ಕಾಣದು. ಆರಡಿಯದಕ್ಕೂ ಎಂಟಡಿಯದಕ್ಕೂ ಅಂತರ ಎರಡೇ ಅಡಿಯೆಂದು ತೋರುವುದು. ಆದರೆ ವೃತ್ತದ ವಿಸ್ತೀರ್ಣವು ವ್ಯಾಸದ ವರ್ಗದಂತೆ ಬೆಳೆಯುವುದು: 36ಕ್ಕೆ 64. ಆಳವು ಸಮನಾಗಿದ್ದರೆ ದೊಡ್ಡದು ಹೊರುವ ಭಾರವು ಚಿಕ್ಕದರದಕ್ಕಿಂತ ಹೆಚ್ಚುಕಡಿಮೆ ಮುಕ್ಕಾಲು ಪಾಲು ಅಧಿಕ. ಎಂಟಡಿಯದರ ಜನವನ್ನು ಆರಡಿಯದರಲ್ಲಿ ತುಂಬಿದರೆ ನೀರು ಅಂಚಿಗೆ ಬಾರದಿರುವುದೇ?

2020ರ ಆಗಸ್ಟಿನಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಾಗ, ರಾಯಚೂರು ತಾಲೂಕಿನ ನಡುಗಡ್ಡೆ ಕುರ್ವಕುರ್ದಾದ ಜನರಿದ್ದ ತೆಪ್ಪವು ಮಗುಚಿ ಪ್ರಾಣಹಾನಿಯಾಯಿತು. ಪ್ರವಾಹವನ್ನು ಯಾವ ಅಳತೆಯೂ ತಡೆಯಲಾರದು. ಅಂಥ ದಿನ ದಡದಲ್ಲಿರುವುದೇ ಕ್ಷೇಮ. ಉಳಿದ ದಿನಗಳಿಗಾದರೂ, ಪ್ರತಿ ಹರಿಗೋಲಿನ ಅಂಚಿನಲ್ಲಿ ಅದರ ಅಗಲವನ್ನೂ ಹಿಡಿಸುವ ಜನರ ಸಂಖ್ಯೆಯನ್ನೂ ಬಣ್ಣದಲ್ಲಿ ಬರೆಯಿಸತಕ್ಕದ್ದೆಂದು ನಾವು ಹೇಳುವೆವು. ಗೃಹಸ್ಥರು ಮಕ್ಕಳನ್ನು ಹತ್ತಿಸುವ ಮೊದಲು ತಲೆಗಳನ್ನೊಮ್ಮೆ ಎಣಿಸಲಿ.