ಸಿಜಿಪಿಎ ಗೊತ್ತು, ಎಲ್‌ಡಿಎಲ್ ಎಷ್ಟು?

2021ರ ಅಕ್ಟೋಬರ್ 29, ಅಪ್ಪು ಹೋದ ದಿನ. ನಮ್ಮಲ್ಲಿ ಯಾರೂ ಮರೆತಿಲ್ಲ. ಬರೀ 46 ವರ್ಷ, ದಿನಾ ವರ್ಕೌಟ್ ಮಾಡ್ತಿದ್ದ ದೇಹ. ಅದಾದ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆ ಅಂತ ಜನ ಮುಗಿಬಿದ್ದರು. 2025ರಲ್ಲಿ ಹಾಸನದ ಸುದ್ದಿಗಳು ಬಂದಾಗ ಮತ್ತೆ ಅದೇ ಗಾಬರಿ. ಹುಡುಗರು ನಾವೇನು ಮಾಡಿದೆವು? ಎರಡು ದಿನ ಸ್ಟೇಟಸ್ ಹಾಕಿದೆವು, ಎಲ್ಲಾ ಜಿಮ್‌ನಿಂದಲೇ ಅಂತ ವಾದ ಮಾಡಿದೆವು, ಮೂರನೇ ದಿನ ಟೀ ಅಂಗಡಿ ಮುಂದೆ ಸಿಗರೇಟು ಹಚ್ಚಿದೆವು. ಕೇಳಿದರೆ ಒಂದೇ ಉತ್ತರ: "ನಮಗಿನ್ನೂ ಇಪ್ಪತ್ತು ಮಗಾ, ಹಾರ್ಟು ಗೀರ್ಟು ಎಲ್ಲ ಅಪ್ಪಂದಿರ ಟಾಪಿಕ್ಕು."

ಈ ಉತ್ತರ ತಪ್ಪು ಅಂತ 1953ರಲ್ಲೇ ಗೊತ್ತಾಗಿತ್ತು. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಪರೀಕ್ಷಿಸಿದರು. ಸರಾಸರಿ ವಯಸ್ಸು 22. ಮುಕ್ಕಾಲು ಪಾಲಿಗೂ ಹೆಚ್ಚು ಜನರ ಹೃದಯದ ರಕ್ತನಾಳಗಳಲ್ಲಿ ಆಗಲೇ ರೋಗದ ಗುರುತು ಇತ್ತು. ಮೆಕ್ಯಾನಿಕಲ್‌ನವರಿಗೆ ಫೆಟೀಗ್ ಅಂದ್ರೆ ಗೊತ್ತು: ಬಿರುಕು ಹುಟ್ಟೋದು ಯಾವತ್ತೋ, ಸದ್ದಾಗೋದು ಮುರಿದಾಗ.

ಒಂದಿಷ್ಟು ನಮ್ಮ ಕೈಯಲ್ಲಿಲ್ಲ, ನಿಜ. ಹುಡುಗರು ಪ್ರಾಯಕ್ಕೆ ಬರುವಾಗಲೇ ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ. ಲಿಪೊಪ್ರೋಟೀನ್(ಎ) ಎಷ್ಟಿರಬೇಕು ಅಂತ ಹೆಚ್ಚುಕಡಿಮೆ ಪೂರ್ತಿ ಜೀನ್‌ಗಳೇ ತೀರ್ಮಾನಿಸುತ್ತವೆ. ಸುಮಾರು ಐವರಲ್ಲಿ ಒಬ್ಬರಿಗೆ ಅದು ಜಾಸ್ತಿ. ಸಣ್ಣಗಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಸೇರುವ ಜಾಯಮಾನ ನಮ್ಮದು, ಅದಕ್ಕೇ ಭಾರತದ ಗಂಡಸರಿಗೆ ಸೊಂಟದ ಸುತ್ತಳತೆಯ ಮಿತಿ 90 ಸೆಂ.ಮೀ.

ಹಾಗಂತ ಹಣೆಬರಹ ಅಂತ ಕೂರೋಕಾಗುತ್ತಾ? ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ವೈದ್ಯಕೀಯ ಓದಿದ ಡಾ. ಸಲೀಂ ಯೂಸುಫ್ ಮುಂದಾಳತ್ವದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆಯಿತು. ಮೊದಲ ಹೃದಯಾಘಾತ ಬೇರೆಯವರಿಗೆ 58ರ ಮೇಲೆ ಆದರೆ ದಕ್ಷಿಣ ಏಷ್ಯಾದವರಿಗೆ 53ರ ಆಸುಪಾಸಿನಲ್ಲೇ. ಆದರೆ 2004ರಲ್ಲಿ ಪ್ರಕಟವಾದ ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಗಂಡಸರ ಅಪಾಯದ ಶೇಕಡಾ 90ರಷ್ಟಕ್ಕೆ ಕಾರಣ ಒಂಬತ್ತೇ ಸಂಗತಿಗಳು. ಸಿಗರೇಟು, ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಹೊಟ್ಟೆ, ಒತ್ತಡ, ಊಟ, ವ್ಯಾಯಾಮ, ಕುಡಿತ. ಬಹುಪಾಲು ನಮ್ಮ ಹಾಸ್ಟೆಲ್ ದಿನಚರಿಯೇ! ಮೆಸ್ ಊಟವನ್ನು ಬೈಯೋಣ, ಬೈಯಲೇಬೇಕು. ಆದರೆ ಸಿಗರೇಟು ಮೆಸ್‌ನಲ್ಲಿ ಬಡಿಸಲ್ಲ. ಬೇಗ ಬಾಡಿ ಬರಲಿ ಅಂತ ಚುಚ್ಚಿಕೊಳ್ಳುವ ಸ್ಟೆರಾಯ್ಡ್ ಎಚ್‌ಡಿಎಲ್ ಇಳಿಸಿ, ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ ಏರಿಸುತ್ತೆ. ಅದೂ ಮೆಸ್ ಕೊಟ್ಟಿದ್ದಲ್ಲ.

ಪಾಯಿಂಟ್ ಸೊನ್ನೆ ಎರಡು ಸಿಜಿಪಿಎಗೆ ರೀವ್ಯಾಲ್ಯುಯೇಷನ್ ಹಾಕೋ ನಮಗೆ ನಮ್ಮ ಬಿಪಿ ಎಷ್ಟು ಅಂತ ಗೊತ್ತಿಲ್ಲ. ರಕ್ತದಾನ ಶಿಬಿರದಲ್ಲಿ ಸಾಲಾಗಿ ನಿಂತು ರಕ್ತ ಕೊಡ್ತೀವಿ, ಆ ರಕ್ತದಲ್ಲಿ ಕೊಲೆಸ್ಟ್ರಾಲ್ ಎಷ್ಟಿದೆ ಅಂತ ಕೇಳಲ್ಲ.

ಹಾಗಾಗಿ ಕಾಲೇಜಿಗೆ ನಮ್ಮದೊಂದು ಬೇಡಿಕೆ: ಮುಂದಿನ ಶಿಬಿರದಲ್ಲಿ ಪಕ್ಕಕ್ಕೊಂದು ಮೇಜು ಹಾಕಿ, ಬಿಪಿ, ಸೊಂಟದಳತೆ, ಲಿಪಿಡ್ ಪ್ರೊಫೈಲ್, ಶುಗರ್ ಪರೀಕ್ಷೆ ಮಾಡಿಸಲಿ. ನಮಗೆ ನಾವೇ ಹೇಳಿಕೊಳ್ಳೋದು ಒಂದು: ಈ ಭಾನುವಾರ ಮನೆಗೆ ಫೋನ್ ಮಾಡಿದಾಗ "ಊಟ ಆಯ್ತಾ" ಆದ ಮೇಲೆ ಕೇಳೋಣ, ಅಪ್ಪನಿಗೋ ಅಣ್ಣನಿಗೋ 55ರೊಳಗೆ, ಅಮ್ಮನಿಗೋ ಅಕ್ಕನಿಗೋ 65ರೊಳಗೆ ಹೃದಯದ ತೊಂದರೆ ಬಂದಿತ್ತಾ ಅಂತ. ಹೌದು ಅಂದ್ರೆ ಹೆದರೋದು ಬೇಡ, ಡಾಕ್ಟರ ಹತ್ರ ಹೋಗೋಣ. ಆ ಸಿಗರೇಟನ್ನಂತೂ ಉತ್ತರಕ್ಕೆ ಕಾಯದೆ ಇವತ್ತೇ ಎಸೆಯಬಹುದು.